‘ಬೀಜ ತೆಗಿಬೇಕು’ ಎಂಬ ಮಾತಿನ ಹಿಂದಿನ ಕಥೆ

ಹೋರಿಯ ಬೀಜ ಒಡೆಸಿದರೆ ಎತ್ತಾಗುತ್ತದೆ. ಹಾವೇರಿ ಕಡೆಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿಯೇ, ಪ್ರಾಸ್ಟೇಟ್ (ಗಂಡಸರ ಉಚ್ಚಿಚೀಲದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಎಲುಬಿಗೆ ಹರಡಿದ ಅಜ್ಜನಿಗೆ ಹುಬ್ಬಳ್ಳಿಯ ಡಾಕ್ಟರು ‘ಬೀಜ ತೆಗಿಬೇಕಾಗ್ತದ್ರಿ’ ಅಂದರೆ ಅವನ ಕಣ್ಣಮುಂದೆ ಮೊದಲು ನಿಲ್ಲುವುದು ಆ ಎತ್ತೇ. ‘ಊರಿಗೆ ಹೋಗಿ ವಿಚಾರ ಮಾಡಿ ಬರ್ತೀವ್ರಿ’ ಎಂದು ಮನೆಯವರು ಎದ್ದುಬಿಡುತ್ತಾರೆ. ಆ ವಿಚಾರ ತಿಂಗಳುಗಟ್ಟಲೆ ನಡೆಯುವುದುಂಟು.

ತಮಾಷೆಯೆಂದರೆ ವೈದ್ಯಶಾಸ್ತ್ರವೂ ಇಲ್ಲಿಗೆ ಬಂದದ್ದು ದನದ ಕೊಟ್ಟಿಗೆಯ ಹಾದಿಯಲ್ಲೇ. ಬೀಜ ಒಡೆಸಿದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಬತ್ತಿ ಸಣ್ಣದಾಗಿರುತ್ತದೆ ಎಂದು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 18ನೇ ಶತಮಾನದಲ್ಲೇ ಬರೆದಿದ್ದ. 1941ರಲ್ಲಿ ಶಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಅದನ್ನು ರೋಗಿಗಳಲ್ಲಿ ಸಾಬೀತು ಮಾಡಿದರು. ಬೀಜದಲ್ಲಿ ಹುಟ್ಟುವ ಟೆಸ್ಟೊಸ್ಟೆರಾನ್ ಈ ಕ್ಯಾನ್ಸರಿಗೆ ಗೊಬ್ಬರವಿದ್ದಂತೆ. ಅದು ನಿಂತರೆ ಎಲುಬಿಗೆ ಹರಡಿದ ರೋಗವೂ ತಗ್ಗುತ್ತದೆ. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು.

ಕತ್ತರಿಯಿಲ್ಲದೆ ಅದೇ ಕೆಲಸ ಮಾಡುವ ಇಂಜೆಕ್ಷನ್ ಬಂದದ್ದು 1980ರ ದಶಕದಲ್ಲಿ. ಮಿದುಳಿನಿಂದ ಬೀಜಕ್ಕೆ ಹೋಗುವ ಆಜ್ಞೆಯನ್ನೇ ಅದು ನಿಲ್ಲಿಸುತ್ತದೆ. ಬೀಜ ಇದ್ದಲ್ಲೇ ಇರುತ್ತದೆ, ಮನಸ್ಸಿಗೂ ಸಮಾಧಾನ. ಆದರೆ ತಿಂಗಳಿಗೋ ಮೂರು ತಿಂಗಳಿಗೋ ತಪ್ಪದೆ ಚುಚ್ಚಿಸಿಕೊಳ್ಳಬೇಕು. ತಪ್ಪಿದರೆ ಹಾರ್ಮೋನ್ ಮತ್ತೆ ತಲೆಯೆತ್ತಬಹುದು. ಮೈ ಕಾದು ಬೆವರುವುದು, ಎಲುಬು ಸವೆಯುವುದು, ಆಸೆ ಕುಗ್ಗುವುದು ಎರಡರಲ್ಲೂ ಇವೆ. ರೋಗ ಹತೋಟಿಯ ಲೆಕ್ಕದಲ್ಲಿ ಆಪರೇಷನ್ ಇಂಜೆಕ್ಷನ್ನಿಗಿಂತ ಕಡಿಮೆಯದಲ್ಲ, ಒಮ್ಮೆ ಆದರೆ ಮುಗಿಯಿತು. ಪ್ರತಿ ಸಲ ಮುಂಡರಗಿಯಿಂದ ಬಸ್ ಹಿಡಿದು ಬರಬೇಕಾದವರಿಗೆ ನನ್ನ ಕೇಳಿದರೆ ಅದೇ ಲೇಸು. ಬಡವರ ಚಿಕಿತ್ಸೆ ಎಂದು ಅದನ್ನು ಕೀಳಾಗಿ ನೋಡುವುದು ಸರಿಯಲ್ಲ.

ಕ್ಯಾನ್ಸರೂ ಸುಮ್ಮನೆ ಕೂಡುವುದಿಲ್ಲ. ಕೆಲ ವರ್ಷಗಳಲ್ಲಿ, ಬೀಜದ ಹಾರ್ಮೋನ್ ಇಲ್ಲದೆಯೂ ಬೆಳೆಯಲು ಕಲಿಯುತ್ತದೆ. ಆ ಹಂತಕ್ಕೆ ಬಂದ ಮೇಲೆ ಆಯುಷ್ಯ ಹೆಚ್ಚಿಸುವ ಔಷಧವೇ 2004ರವರೆಗೆ ಇರಲಿಲ್ಲ. ಆ ವರ್ಷ ಡೊಸೆಟಾಕ್ಸೆಲ್ ಕಿಮೋ ಬಂತು, 2011ರಲ್ಲಿ ಅಬಿರಾಟೆರಾನ್, ಮರುವರ್ಷ ಎಂಜಲುಟಮೈಡ್ ಎಂಬ ಮಾತ್ರೆಗಳು ಬಂದವು.

ದೊಡ್ಡ ತಿರುವು ಹೊಸ ಔಷಧದಿಂದ ಬರಲಿಲ್ಲ, ಕೊಡುವ ಹೊತ್ತು ಬದಲಾದದ್ದರಿಂದ ಬಂತು. ರೋಗ ಕೈಮೀರಿದ ಮೇಲೆ ಕೊಡುತ್ತಿದ್ದ ಕಿಮೋವನ್ನು ಮೊದಲಿಗೇ, ಹಾರ್ಮೋನ್ ತಡೆಯ ಜೊತೆಗೇ ಕೊಟ್ಟರೆ ಹೇಗೆ? 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ರೋಗಿಗಳ ಮಧ್ಯಾಂಕ ಆಯುಷ್ಯ (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದ ಅವಧಿ) 44 ತಿಂಗಳಿನಿಂದ 57.6ಕ್ಕೆ ಏರಿತು. 2017ರಲ್ಲಿ ಅಬಿರಾಟೆರಾನ್ ಮಾತ್ರೆಯೂ ಮೊದಲ ಹಂತದಲ್ಲೇ ಇಂಥದೇ ಲಾಭ ತೋರಿಸಿತು. ಆದ್ದರಿಂದ ‘ಊರಿಗೆ ಹೋಗಿ ವಿಚಾರ’ ಮಾಡುವ ತಿಂಗಳುಗಳು ಈಗ ಮೊದಲಿಗಿಂತ ತುಟ್ಟಿ.

ಅಬಿರಾಟೆರಾನ್ ಈಗ ನಮ್ಮ ದೇಶದ ಕಂಪನಿಗಳೇ ತಯಾರಿಸುತ್ತವೆ. ಖಾಲಿ ಹೊಟ್ಟೆಯಲ್ಲಿ ದಿನಕ್ಕೆ 1000 ಮಿ.ಗ್ರಾಂ. ಅದರ ರೂಢಿಯ ಪ್ರಮಾಣ. ಕಡಿಮೆ ಜಿಡ್ಡಿನ ನಾಷ್ಟಾದ ಜೊತೆ 250 ಮಿ.ಗ್ರಾಂ. ಕೊಟ್ಟರೂ ಪಿಎಸ್‌ಎ (ಈ ಕ್ಯಾನ್ಸರಿನ ಏರಿಳಿತ ತೋರಿಸುವ ರಕ್ತದ ಅಂಶ) ಅಷ್ಟೇ ಇಳಿಯುತ್ತದೆ ಎಂದು 2018ರಲ್ಲಿ 72 ಜನರ ಸಣ್ಣ ಅಧ್ಯಯನವೊಂದು ತೋರಿಸಿತು. ಖರ್ಚು ಕಾಲುಭಾಗ. ಆಯುಷ್ಯವನ್ನು ಅದು ಅಳೆದಿಲ್ಲವಾದ್ದರಿಂದ ಡಾಕ್ಟರಿಗೆ ಹೇಳದೆ ಮಾತ್ರೆ ಇಳಿಸಬೇಡಿ. (ಗಿರ್ಮಿಟ್ ಜೊತೆ ಮಿರ್ಚಿಭಜಿ ಕಡಿಮೆ ಜಿಡ್ಡಿನ ನಾಷ್ಟಾ ಅಲ್ಲ.)

2022ರಲ್ಲಿ ಅಮೆರಿಕ ಒಪ್ಪಿದ ಲುಟೇಶಿಯಂ ಎಂಬ ವಿಕಿರಣ ಔಷಧ ಕ್ಯಾನ್ಸರ್ ಕಣವನ್ನು ಹುಡುಕಿ ಹೋಗಿ ಹೊಡೆಯುತ್ತದೆ. ಅದರ ಖರ್ಚೇ ಬೇರೆ ಮಾತು. ಎಲುಬಿನ ನೋವಿಗಾದರೆ ಅಷ್ಟು ದೂರ ಹೋಗಬೇಕಿಲ್ಲ. ಎಷ್ಟೋ ಜನರಿಗೆ ಒಂದೇ ಸಲದ ವಿಕಿರಣ ಹಲವು ಸಲದಷ್ಟೇ ನೋವು ಇಳಿಸುತ್ತದೆ. ಹುಬ್ಬಳ್ಳಿಯ ನವನಗರದಲ್ಲೇ ಕ್ಯಾನ್ಸರ್ ಆಸ್ಪತ್ರೆಯಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಯಾವ ಔಷಧ ಅದರೊಳಗೆ ಬರುತ್ತದೆಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

ಒಂದು ಮಾತು ಮಾತ್ರ ಸೊಂಟನೋವಿಗೆ ಎಣ್ಣೆ ತಿಕ್ಕುತ್ತ ಕೂತ ಮನೆಗಳಿಗೆ. ಈ ರೋಗ ಇದ್ದವರಿಗೆ ಕಾಲಲ್ಲಿ ಬಲ ಕಡಿಮೆಯಾದರೆ, ಜೋಮು ಹಿಡಿದರೆ, ಇದ್ದಕ್ಕಿದ್ದಂತೆ ಉಚ್ಚಿ ಕಟ್ಟಿದರೆ ಎಲುಬಿಗೆ ಹರಡಿದ ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ನಡೆಯುತ್ತ ಆಸ್ಪತ್ರೆಗೆ ಬಂದವರು ನಡೆಯುತ್ತ ಹೋಗುವ ಸಾಧ್ಯತೆ ಹೆಚ್ಚು. ಕಾಲು ಪೂರ್ತಿ ಬಿದ್ದ ಮೇಲೆ ಎಬ್ಬಿಸುವುದು ಕಷ್ಟ. ಅಮಾವಾಸ್ಯೆ ಕಳೆಯಲಿ ಎಂದು ಕಾಯದೆ ಅದೇ ದಿನ, ರಾತ್ರಿಯಾದರೂ ಸರಿ, ಹೊರಡಿ.