ಲೆಕ್ಕ ತಾಳೆಯಾಯಿತು, ಎತ್ತರ ತಪ್ಪಿತು

ಕಾಸರಗೋಡಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಭೂಮಾಪನ ಕಲಿಸುವವರು ಪಠ್ಯಕ್ರಮಕ್ಕಿಂತ ಮೊದಲು ಪಂಚಾಂಗ ನೋಡಬೇಕಾಗುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಹೋಗುತ್ತದೆ. ಆ ತಿಂಗಳುಗಳಲ್ಲಿ ಮುರಕಲ್ಲಿನ ಪಾರೆಯ ಮೇಲೆ ಪಾಚಿ, ದೂರದರ್ಶಕದ ಗಾಜಿನ ಮೇಲೆ ಹಬೆ, ಫೀಲ್ಡ್‌ಬುಕ್ಕಿನ ಹಾಳೆಗಳೆಲ್ಲ ಒದ್ದೆ. ವರ್ಚುವಲ್ ರಿಯಾಲಿಟಿಯ ಹೆಡ್‌ಸೆಟ್‌ಗಳು ಪ್ರಯೋಗಾಲಯಕ್ಕೆ ಬಂದಾಗ ನಾನೂ ಅವುಗಳನ್ನು ಮಳೆಗಾಲದ ಕೊಡೆಯೆಂದೇ ಭಾವಿಸಿದ್ದೆ. ಕಲಿಸುತ್ತ ಹೋದಂತೆ ಅವುಗಳ ಉಪಯೋಗ ಬೇರೊಂದು ಕಡೆ ಇದೆಯೆಂದು ಗೊತ್ತಾಯಿತು.

ಇಂಥ ಪಾಠಕ್ಕೆ ಮೊದಲು ಬೇಕಾಗುವುದು ನೆಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವಿಲ್ಕ್ಸ್-ಬ್ಯಾರೆ ಕ್ಯಾಂಪಸ್ಸಿನವರು ಡ್ರೋನ್ ಚಿತ್ರಗಳನ್ನೂ ನೆಲದ ಮೇಲಿನ ಲೇಸರ್ ಸ್ಕ್ಯಾನರಿನ ಬಿಂದುಗಳನ್ನೂ ಬೆಸೆದು ನೈಜ ಸ್ಥಳದ ಪ್ರತಿರೂಪವನ್ನು ಕಟ್ಟಿ, ಅದರಲ್ಲಿ ಲೆವೆಲಿಂಗ್ (ಬಿಂದುಗಳ ನಡುವಿನ ಎತ್ತರದ ವ್ಯತ್ಯಾಸ ಅಳೆಯುವ) ಪಾಠ ನಡೆಸಿದ್ದಾರೆ. ನಮ್ಮ ಊರಿಗೆ ಈ ಬೆಸುಗೆ ಇನ್ನೂ ಹೆಚ್ಚು ಅಗತ್ಯ. ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಯಾವ ಗುಡ್ಡೆಯನ್ನು ತೆಗೆದುಕೊಂಡರೂ ಮೇಲೆ ಗೇರುಮರ, ನಡುವೆ ಬೋಳು ಪಾರೆ, ಕೆಳಗೆ ತೋಡಿನ ಬದಿಯಲ್ಲಿ ಕಂಗಿನ ತೋಟ ಇರುತ್ತದೆ. ಪಾರೆಯನ್ನು ಡ್ರೋನ್ ಚೆನ್ನಾಗಿ ಹಿಡಿಯುತ್ತದೆ, ತೋಟದಲ್ಲಿ ಮಾತ್ರ ಅದಕ್ಕೆ ಸೋಗೆ ಕಾಣುತ್ತದೆಯೇ ಹೊರತು ನೆಲ ಕಾಣುವುದಿಲ್ಲ.

ನೆಲ ಸಿಕ್ಕ ಮೇಲೆ ಅಂಕಿಗಳ ತೊಡಕು. ಕಾಸರಗೋಡಿನ ಸ್ಥಾನವನ್ನು ಯುಟಿಎಂ ಎಂಬ, ನಕ್ಷೆಯ ಮೇಲೆ ಸ್ಥಾನವನ್ನು ಮೀಟರುಗಳಲ್ಲಿ ಹೇಳುವ ಪದ್ಧತಿಯಲ್ಲಿ ಬರೆದರೆ ಉತ್ತರದಿಕ್ಕಿನ ಅಂಕಿ ಸುಮಾರು 13,80,000 ಮೀಟರ್ ಆಗುತ್ತದೆ. ಗೇಮ್ ತಂತ್ರಾಂಶಗಳು ಸಾಮಾನ್ಯವಾಗಿ ಬಳಸುವ 32 ಬಿಟ್‌ನ ದಶಮಾಂಶ ಸಂಖ್ಯೆಗೆ ಅಷ್ಟು ದೊಡ್ಡ ಅಂಕಿಯಲ್ಲಿ ಹನ್ನೆರಡೂವರೆ ಸೆಂ.ಮೀ.ಗಿಂತ ಸೂಕ್ಷ್ಮವಾದ ಹೆಜ್ಜೆ ಇಡಲು ಬರುವುದಿಲ್ಲ. ಮಿಲಿಮೀಟರ್ ಕಲಿಸಲು ಹೊರಟವರಿಗೆ ಇದು ದೊಡ್ಡ ಗುಂಡಿ. ಗುಡ್ಡೆಯ ಬುಡದಲ್ಲೇ ಒಂದು ಸ್ಥಳೀಯ ಮೂಲಬಿಂದುವನ್ನು ಇಟ್ಟುಕೊಂಡು ಎಲ್ಲವನ್ನೂ ಅಲ್ಲಿಂದ ಅಳೆಯುವುದು ಇದಕ್ಕೆ ಪರಿಹಾರ. ದೃಷ್ಟಿಯದೂ ಇಂಥದೇ ಕಥೆ: ಕಣ್ಣಿನ ಒಂದು ಡಿಗ್ರಿಗೆ ಇಪ್ಪತ್ತು ಪಿಕ್ಸೆಲ್ ತೋರಿಸುವ ಹೆಡ್‌ಸೆಟ್‌ನಲ್ಲಿ ಒಂದು ಪಿಕ್ಸೆಲ್ ಎಂದರೆ 180 ಸೆಕೆಂಡ್ ಕೋನ (ಒಂದು ಡಿಗ್ರಿಗೆ 3,600 ಸೆಕೆಂಡ್), ಆದ್ದರಿಂದ ದೂರದರ್ಶಕದೊಳಗಿನ ನೋಟವನ್ನು ಬೇರೊಂದು ಕ್ಯಾಮೆರಾದಿಂದ ಹಿಗ್ಗಿಸಿಯೇ ತೋರಿಸಬೇಕು.

ಇಷ್ಟು ಮಾಡಿ ಮುಗಿಸಿದವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದೆ: ಉಪಕರಣವನ್ನು ಎಳ್ಳಷ್ಟೂ ದೋಷವಿಲ್ಲದಂತೆ ಇಡುವುದು. ಓದಿದ್ದೆಲ್ಲ ಸರಿಯಾಗಿ ಬರುವ ಲೆವೆಲ್ ಉಪಕರಣದಲ್ಲಿ ವಿದ್ಯಾರ್ಥಿ ಕಲಿಯುವುದು ಕೂಡುವುದು ಕಳೆಯುವುದು ಮಾತ್ರ. ಆಮೇಲೆ ಕೊಟ್ಟ ಅಭ್ಯಾಸ ಹೀಗಿತ್ತು. ಗುಡ್ಡೆಯ ಬುಡದ ಬೆಂಚ್‌ಮಾರ್ಕಿನಿಂದ (ಎತ್ತರ ಮೊದಲೇ ಗೊತ್ತಿರುವ ಬಿಂದು) ಹೊರಟು, 20ಕ್ಕೆ 1ರ ಏರಿನಲ್ಲಿ ಹತ್ತು ಕಡೆ ಲೆವೆಲ್ ನಿಲ್ಲಿಸಿ, 800 ಮೀಟರ್ ಸಾಗಿ ತುದಿಯ ಕಲ್ಲನ್ನು ಮುಟ್ಟಿ, ಅದೇ ದಾರಿಯಲ್ಲಿ ಹಿಂದಿರುಗಿ ಬೆಂಚ್‌ಮಾರ್ಕಿಗೇ ಮುಗಿಸಬೇಕು. ಉಪಕರಣದ ಎತ್ತರ ಒಂದೂವರೆ ಮೀಟರ್, ಸ್ಟಾಫ್ (ಅಳತೆ ಗುರುತಿರುವ ಕೋಲು) 4 ಮೀಟರ್ ಇರುವಾಗ ಇಂಥ ಏರಿನಲ್ಲಿ ಕೆಳಗಿನ ಸ್ಟಾಫ್ 50 ಮೀಟರ್‌ವರೆಗೂ ಸಿಗುತ್ತದೆ, ಮೇಲಿನ ಕಡೆ 30 ಮೀಟರ್ ದಾಟಿದರೆ ದೃಷ್ಟಿರೇಖೆ ನೆಲಕ್ಕೆ ಬಡಿಯುತ್ತದೆ. ಬೇಗ ಮುಗಿಸುವ ಆಸೆಯಲ್ಲಿ ಹೆಚ್ಚಿನವರು ಹತ್ತುವಾಗ ಹಿನ್ನೋಟವನ್ನು (ಹಿಂದಿನ ಸ್ಟಾಫಿನತ್ತ ನೋಟ) 50 ಮೀಟರಿಗೂ ಮುನ್ನೋಟವನ್ನು (ಮುಂದಿನ ಸ್ಟಾಫಿನತ್ತ ನೋಟ) 30 ಮೀಟರಿಗೂ ಇಟ್ಟರು, ಇಳಿಯುವಾಗ ಅದು ತಿರುಗಿತು. ನಾನು ಯಾರಿಗೂ ಹೇಳದೆ ದೃಷ್ಟಿರೇಖೆಯನ್ನು 40 ಸೆಕೆಂಡಿನಷ್ಟು ಮೇಲಕ್ಕೆ ಓರೆಯಾಗಿಸಿಟ್ಟಿದ್ದೆ.

ಎರಡು ನೋಟಗಳ ದೂರದ ನಡುವಿನ 20 ಮೀಟರಿನ ಅಂತರಕ್ಕೆ 40 ಸೆಕೆಂಡ್ ಎಂದರೆ ಹೆಚ್ಚುಕಡಿಮೆ 4 ಮಿ.ಮೀ.; ಹತ್ತು ನಿಲುಗಡೆಗೆ ಸುಮಾರು 4 ಸೆಂ.ಮೀ. ಆದರೆ ಹತ್ತುವಾಗ ಎತ್ತರವನ್ನು ಹೆಚ್ಚಿಸಿದ ಅದೇ ದೋಷ ಇಳಿಯುವಾಗ ಇಳಿತವನ್ನೂ ಅಷ್ಟೇ ಹೆಚ್ಚಿಸುತ್ತದೆ, ಬೆಂಚ್‌ಮಾರ್ಕಿಗೆ ಮರಳುವಾಗ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಒಟ್ಟು 1.6 ಕಿ.ಮೀ. ಸುತ್ತಿಗೆ, ಕಿಲೋಮೀಟರಿನ ವರ್ಗಮೂಲವನ್ನು 12ರಿಂದ ಗುಣಿಸುವ ನಿಯಮದಂತೆ, 15 ಮಿ.ಮೀ.ವರೆಗೆ ರಿಯಾಯಿತಿ ಇದೆ. ವಿದ್ಯಾರ್ಥಿಗಳ ಲೆಕ್ಕ ಅದರೊಳಗೆ ಸಲೀಸಾಗಿ ತಾಳೆಯಾಯಿತು. ತುದಿಯ ಕಲ್ಲಿನ ನಿಜವಾದ ಎತ್ತರವನ್ನು ಗೋಡೆಯ ಪರದೆಯ ಮೇಲೆ ತೋರಿಸಿದಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಒಬ್ಬಳು, “ಸಾರ್, ಲೆಕ್ಕ ತಾಳೆಯಾಗಿದೆಯಲ್ಲ, ಮತ್ತೆ ಕಲ್ಲಿನ ಎತ್ತರ ಹೇಗೆ ತಪ್ಪಿತು?” ಎಂದಳು. ಹಿನ್ನೋಟ ಮುನ್ನೋಟಗಳ ದೂರ ಸಮವಿರಬೇಕು ಎಂಬುದನ್ನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದಿದ್ದೇನೆ. ಅದನ್ನು ಪ್ರಶ್ನೆಯ ರೂಪದಲ್ಲಿ ವಿದ್ಯಾರ್ಥಿಗಳ ಬಾಯಿಂದ ಕೇಳಿದ್ದು ಅಂದೇ ಮೊದಲು.

ಹೊರಗಿನ ಗುಡ್ಡೆಯಲ್ಲಿ ಈ ಪಾಠ ಹೀಗೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ನಿಜವಾದ ಎತ್ತರ ನನಗೂ ಗೊತ್ತಿಲ್ಲ. ಸ್ವತಂತ್ರವಾದ ಇನ್ನೊಂದು ಅಳತೆಯಿಂದ ಮಾತ್ರ ಅದರ ಸಮೀಪಕ್ಕೆ ಹೋಗಬಹುದು. 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆಯನ್ನು (ತ್ರಿಕೋನಗಳ ಲೆಕ್ಕಕ್ಕೆ ಬುನಾದಿಯಾಗುವ, ನೆಲದ ಮೇಲೆ ಅಳೆದ ರೇಖೆ) ಅಳೆದ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್, ಪಶ್ಚಿಮ ಕರಾವಳಿಯ ಕಡೆಗೆ ತ್ರಿಕೋನಗಳನ್ನು ಹೆಣೆಯುತ್ತ 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಅಳೆಸಿದ್ದು ಇಂಥ ಪರೀಕ್ಷೆಗಾಗಿಯೇ. ಲೆವೆಲ್‌ಗಾದರೆ ಎರಡು ಗೂಟಗಳ ಪರೀಕ್ಷೆ ಸಾಕು: ಎರಡು ಗೂಟಗಳ ಎತ್ತರದ ವ್ಯತ್ಯಾಸವನ್ನು ಒಮ್ಮೆ ನಡುವಿನಿಂದ, ಒಮ್ಮೆ ಒಂದರ ಸಮೀಪದಿಂದ ಓದಿ ಹೋಲಿಸುವುದು. ಕೆಲಸ ಶುರು ಮಾಡುವ ಮುನ್ನ ಅದನ್ನು ಮಾಡುವ ತಾಳ್ಮೆ ಬೇಕು, ಅಷ್ಟೆ.

ಇದೇ ನ್ಯಾಯ ಸ್ಥಾನವನ್ನು ಸೆಂಟಿಮೀಟರ್ ಮಟ್ಟದಲ್ಲಿ ಹೇಳುವ, ಉಪಗ್ರಹ ಆಧಾರಿತ ಆರ್‌ಟಿಕೆ ರೋವರ್ ಉಪಕರಣಕ್ಕೂ ಸಲ್ಲುತ್ತದೆ. 2022ರ ನವೆಂಬರ್ 1ರಂದು ಕೇರಳದಲ್ಲಿ ಡಿಜಿಟಲ್ ಮರುಸರ್ವೆ ಆರಂಭವಾದ ಮೇಲೆ ವಿದ್ಯಾರ್ಥಿಗಳಿಗೆ ಅದರ ಮೇಲೇ ಕಣ್ಣು. ಪರದೆಯೊಳಗಿನ ರೋವರ್ ಕಂಗಿನ ಸೋಗೆಯಡಿಯಲ್ಲೂ ಸೆಂಟಿಮೀಟರ್ ನಿಖರತೆ ಕೊಟ್ಟರೆ ಅದು ಸುಳ್ಳುಪಾಠ. ಅಲ್ಲಿ ಸಂಕೇತ ತಪ್ಪಬೇಕು, ಕೋನ, ದೂರ ಎರಡನ್ನೂ ನೆಲದಿಂದಲೇ ಅಳೆಯುವ ಟೋಟಲ್ ಸ್ಟೇಷನ್ ತರಬೇಕಾಗಬೇಕು. ಒಂದು ಸೆಂಟ್ ಎಂದರೆ ನಲವತ್ತು ಚದರ ಮೀಟರ್. ಐದು ಸೆಂಟ್ ಜಾಗದವನಿಗೆ ಗಡಿಕಲ್ಲು ಒಂದು ಗೇಣು ಸರಿದರೂ ಸಣ್ಣ ಮಾತಲ್ಲ.

ಕೈಗೆ ಬರಬೇಕಾದ ವಿದ್ಯೆ ಮಾತ್ರ ಹೆಡ್‌ಸೆಟ್‌ನಿಂದ ಬರುವುದಿಲ್ಲ. ಉಪಕರಣವನ್ನು ಮಟ್ಟಮಾಡುವ ಸ್ಕ್ರೂಗಳನ್ನು ತಿರುಗಿಸುವಾಗ ಎಡ ಹೆಬ್ಬೆರಳು ತಿರುಗಿದತ್ತ ಮಟ್ಟಗೊಳವೆಯ ಗುಳ್ಳೆ ಓಡುತ್ತದೆ ಎಂಬುದು ನಮ್ಮ ಹಳೆಯ ಸೂತ್ರ. ಗುಂಡಿ ಒತ್ತಿ ಸ್ಕ್ರೂ ತಿರುಗಿಸುವ ಕಡೆ ಹೆಬ್ಬೆರಳಿಗೆ ಕೆಲಸವೇ ಇಲ್ಲ. ಮುರಕಲ್ಲಿನ ಮೇಲೆ ಜಾರುವ, ಬೈಲಿನ ಕೆಸರಿನಲ್ಲಿ ನೋಡನೋಡುತ್ತಲೇ ಇಳಿಯುವ ಟ್ರೈಪಾಡ್ ಕಾಲನ್ನು ಮೆಟ್ಟಿ ನಿಲ್ಲಿಸುವುದಕ್ಕೆ ಮಳೆ ಬಿಟ್ಟ ಮೇಲೆ ಹೊರಗೇ ಹೋಗಬೇಕು, ಮತ್ತು ನಾವು ಹೋಗುತ್ತೇವೆ. ಅಲ್ಲಿಯವರೆಗೆ ಒಬ್ಬರಿಗೆ ಇಪ್ಪತ್ತು ನಿಮಿಷ. ಅದಕ್ಕೂ ಮೀರಿದರೆ ಕೆಲವರಿಗೆ ತಲೆ ಸುತ್ತುತ್ತದೆ. ಒಬ್ಬರು ಹೆಡ್‌ಸೆಟ್‌ನಲ್ಲಿ ಓದಿ ಹೇಳಿದ್ದನ್ನು ಉಳಿದವರು ಫೀಲ್ಡ್‌ಬುಕ್ಕಿನಲ್ಲಿ ಬರೆಯುತ್ತಾರೆ. ತಂತ್ರಾಂಶವೇ ಅಂಕಿಗಳನ್ನು ದಾಖಲಿಸುವ ಸೌಲಭ್ಯವಿದೆ, ಅದನ್ನು ನಾನು ಆಫ್ ಮಾಡಿಟ್ಟಿದ್ದೇನೆ. ರಬ್ಬರ್ ಬಳಸುವಂತಿಲ್ಲ, ತಪ್ಪು ಬರೆದರೆ ಅಂಕಿ ಕಾಣುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಅದರ ಮೇಲೆ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು.