ಟೈರು ಕೊಳ್ಳುವ ಮೊದಲು ಟ್ಯೂಬಿನ ತೂತು ನೋಡಿ

ತಾಲೀಮಿಗೆಂದು ರೋಡ್ ಬೈಕ್, ಅಂದರೆ ತೆಳು ಟೈರಿನ ವೇಗದ ಸೈಕಲ್ಲು, ಓಡಿಸುವ ಹುಡುಗ ಹುಡುಗಿಯರು ಕಲಬುರಗಿಯ ನಮ್ಮ ದುರಸ್ತಿ ಅಂಗಡಿಗೆ ಬಂದು ಕೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಕಾಕಾ, ಪಂಚರ್ ಆಗಲಾರದಂಥ ಟೈರು ಕೊಡ್ರಿ." ಹವಾ ತುಂಬುವ ಟೈರುಗಳಲ್ಲಿ ಅಂಥದ್ದನ್ನು ಯಾವ ಕಂಪನಿಯೂ ಮಾಡಿಲ್ಲ. ಪಂಚರನ್ನು ಕಡಿಮೆ ಮಾಡುವ ಟೈರುಗಳು ಇವೆ, ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಗಾಲಿಗೆ ಏನು ಚುಚ್ಚುತ್ತಿದೆ ಎಂಬುದು ಗೊತ್ತಿಲ್ಲದೆ ಅವುಗಳಲ್ಲಿ ಒಂದನ್ನು ಆರಿಸುವುದು, ರೋಗ ಯಾವುದೆಂದು ನೋಡದೆ ಗುಳಿಗೆ ನುಂಗಿದಂತೆ. ಆದ್ದರಿಂದ ಟೈರು ತೋರಿಸುವ ಮೊದಲು ನಾನು ಅವರ ಪಂಚರ್ ಆದ ಟ್ಯೂಬನ್ನು ಕೇಳಿ ಪಡೆಯುತ್ತೇನೆ.

ಟ್ಯೂಬಿಗೆ ಹವಾ ತುಂಬಿ ನೀರಿನಲ್ಲಿ ಅದ್ದಿದಾಗ ಗುಳ್ಳೆ ಏಳುವ ಜಾಗವೇ ಅರ್ಧ ಕಥೆ ಹೇಳುತ್ತದೆ. ರಸ್ತೆಗೆ ಮುಖ ಮಾಡುವ ಹೊರಮೈಯಲ್ಲಿ ಒಂದೇ ಸಣ್ಣ ತೂತಿದ್ದರೆ ಅದು ಮುಳ್ಳಿನದು ಅಥವಾ ತಂತಿಯದು. ಪಕ್ಕಪಕ್ಕದಲ್ಲಿ, ಹಾವು ಕಚ್ಚಿದ ಹಾಗೆ ಎರಡು ಸೀಳುಗಳಿದ್ದರೆ, ಹವಾ ಕಡಿಮೆಯಿದ್ದ ಗಾಲಿ ಗುಂಡಿಯ ಅಂಚಿಗೆ ಬಡಿದು, ಟ್ಯೂಬು ರಿಮ್ಮಿನ ಎರಡು ತುಟಿಗಳಿಗೆ ಸಿಕ್ಕು ಜಜ್ಜಿದೆ ಎಂದರ್ಥ. ತೂತು ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆಗೆ ಇದ್ದರೆ ರಸ್ತೆಯದು ಏನೂ ತಪ್ಪಿಲ್ಲ. ರಿಮ್ ಪಟ್ಟಿ ಸರಿದು ಸ್ಪೋಕಿನ ರಂಧ್ರ ಬಯಲಾಗಿದೆ. ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗಿ ಒಂದೇ ವಾರದಲ್ಲಿ ಪಂಚರಾದ ಮೂರು ಟ್ಯೂಬುಗಳನ್ನು ತಂದು, ಅತಿ ದುಬಾರಿ ಟೈರನ್ನು ಕೊಳ್ಳಲು ಸಿದ್ಧಳಾಗಿ ನಿಂತಿದ್ದಳು. ಮೂರರಲ್ಲೂ ತೂತು ಒಳಮೈಯಲ್ಲೇ ಇತ್ತು, ಹವಾ ತುಂಬುವ ವಾಲ್‌ನಿಂದ ಅಳೆದರೆ ಮೂರೂ ಒಂದೇ ದೂರದಲ್ಲಿದ್ದವು. ರಿಮ್ಮಿನ ತೆಳು ರಬ್ಬರ್ ಪಟ್ಟಿಯನ್ನು ಕಿತ್ತು ಬಟ್ಟೆಯ ಪಟ್ಟಿ ಅಂಟಿಸಿ, ಹಳೆಯ ಟೈರನ್ನೇ ತೊಡಿಸಿ ಕಳಿಸಿದೆ. ಜಜ್ಜಿದ ತೂತಿಗೂ ಒಳಮೈಯ ತೂತಿಗೂ ದುಬಾರಿ ಟೈರು ಮದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಇನ್ನು ಹೊರಮೈಯ ತೂತುಗಳ ಮಾತು. ನಮ್ಮ ಸೀಮೆಯಲ್ಲಿ ಅವುಗಳಿಗೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ, ಮತ್ತು ನಾಲ್ಕೂ ಬೇರೆ ಬೇರೆ ಬಗೆಯವು. ಮೊದಲನೆಯದು ನೆಗ್ಗಿಲು. ಮಳೆಗಾಲದಲ್ಲಿ ರಸ್ತೆಯ ಅಂಚಿನಲ್ಲಿ ಹಳದಿ ಹೂ ಬಿಟ್ಟು ಹಬ್ಬುವ ಈ ಬಳ್ಳಿಯ ಕಾಯಿ ಒಣಗಿದ ಮೇಲೆ ಐದು ತುಣುಕಾಗಿ ಒಡೆಯುತ್ತದೆ. ಒಂದೊಂದು ತುಣುಕಿಗೂ ಎರಡು ದೊಡ್ಡ ಮುಳ್ಳುಗಳಿದ್ದು, ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಮುಳ್ಳು ಗಿಡ್ಡ, ಆದ್ದರಿಂದ ಟೈರಿನ ಮಧ್ಯದಲ್ಲಿ ಸಾಕಷ್ಟು ರಬ್ಬರೂ ಅದರಡಿ ಒಂದು ರಕ್ಷಣಾ ಪದರವೂ ಇದ್ದರೆ ಬಹುಪಾಲು ಅಲ್ಲೇ ತಡೆದು ನಿಲ್ಲುತ್ತದೆ. ಎರಡನೆಯದು ಬಳ್ಳಾರಿ ಜಾಲಿ. ಹೊಲದ ಬೇಲಿಗೆಂದು ಕಡಿದ ಟೊಂಗೆಗಳನ್ನು ಎಳೆದೊಯ್ಯುವಾಗ ರಸ್ತೆಗೆ ಉದುರುವ ಅದರ ಮುಳ್ಳು ಮೋಟಾರ್ ಬೈಕಿನ ಟೈರನ್ನೇ ದಾಟಬಲ್ಲದು. ನೆಟ್ಟಗೆ ಚುಚ್ಚಿದರೆ ತೆಳುವಾದ ರೋಡ್ ಬೈಕ್ ಟೈರು ತಡೆಯುತ್ತದೆಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಮೂರನೆಯದು ತಂತಿ. ಹುಮನಾಬಾದ್ ಕಡೆಗಾಗಲಿ ಜೇವರ್ಗಿ ಕಡೆಗಾಗಲಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೋಗುವವರು ಲಾರಿಗಳಿಗೆ ಹೆದರಿ ರಸ್ತೆಯ ತೀರ ಅಂಚಿನಲ್ಲಿ ತುಳಿಯುತ್ತಾರೆ. ಸಿಡಿದ ಲಾರಿ ಟೈರುಗಳೊಳಗಿನ ಉಕ್ಕಿನ ತಂತಿಯ ಚೂರುಗಳು ಬಂದು ಸೇರುವುದೂ ಅದೇ ಅಂಚಿಗೆ. ಕೂದಲಿನಷ್ಟು ಸಣ್ಣದಾದ ಈ ತಂತಿ ರಬ್ಬರಿನಲ್ಲಿ ಸಿಕ್ಕಿದ ದಿನವೇ ಪಂಚರ್ ಮಾಡುವುದಿಲ್ಲ, ಗಾಲಿ ತಿರುಗಿದಂತೆಲ್ಲ ಒಂದಿಷ್ಟು ಒಳಗೆ ಸರಿಯುತ್ತ ಎರಡು ಮೂರು ದಿನಗಳ ಮೇಲೆ ಟ್ಯೂಬನ್ನು ಮುಟ್ಟುತ್ತದೆ. ನಾಲ್ಕನೆಯದು ಶಹಾಬಾದ್ ರಸ್ತೆಯ ಫರಸಿ ಚೂರು, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಚೂರು. ಟ್ರ್ಯಾಕ್ಟರಿನಿಂದ ಬಿದ್ದು ಒಡೆದ ಕಲ್ಲಿನ ಅಂಚು ಚೂರಿಯಂತಿರುತ್ತದೆ, ಅದು ಟೈರಿನ ನೆತ್ತಿಯನ್ನು ಬಿಟ್ಟು ಪಕ್ಕದ ಗೋಡೆಯನ್ನು ಸೀಳುತ್ತದೆ.

ಟೈರಿನ ಡಬ್ಬಿಯ ಮೇಲೆ ಬರೆದಿರುವುದನ್ನು ಈ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು. ಪಂಚರ್ ರಕ್ಷಣೆ ಎಂಬ ಮಾತು ಸಾಮಾನ್ಯವಾಗಿ ರಸ್ತೆಗೆ ತಾಗುವ ನೆತ್ತಿಯ ಕೆಳಗೆ ಹಾಸಿದ ಒಂದು ಪಟ್ಟಿಗೆ ಮಾತ್ರ ಸಲ್ಲುತ್ತದೆ. ಅದು ನೈಲಾನಿನದಿರಬಹುದು, ಅರಮಿಡ್ ಎಳೆಯದಿರಬಹುದು, ಕಾಂಟಿನೆಂಟಲ್ ಕಂಪನಿಯ ಜಿಪಿ 5000ರಲ್ಲಿರುವಂತೆ ವೆಕ್ಟ್ರಾನ್ ಎಳೆಯದಿರಬಹುದು. ಗೋಡೆಗೆ ಪ್ರತ್ಯೇಕ ಹೊದಿಕೆ ಇದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು. ಅದೇ ಕಂಪನಿಯ ಗ್ಯಾಟರ್‌ಸ್ಕಿನ್ ಟೈರಿನಲ್ಲಿ ನೆತ್ತಿಗೆ ಒಂದು ಪಟ್ಟಿ, ಗೋಡೆಗೆ ನೇಯ್ದ ನೈಲಾನಿನ ಒಂದು ಹೊದಿಕೆ ಎರಡೂ ಇರುವುದರಿಂದ, ಶಹಾಬಾದ್ ಕಡೆ ದಿನವೂ ಓಡಿಸುವವರಿಗೆ ನಾನು ಅದರಂಥದ್ದನ್ನೇ ಹೇಳುತ್ತೇನೆ. ಅದು ಓಟದಲ್ಲಿ ಸ್ವಲ್ಪ ಗಡುಸು, ಒದ್ದೆ ರಸ್ತೆಯ ತಿರುವಿನಲ್ಲಿ ಹಿಡಿತ ಸ್ವಲ್ಪ ಕಡಿಮೆ, ಇದನ್ನೂ ಮುಚ್ಚಿಡಬಾರದು. ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್‌ನಲ್ಲಿ 5 ಮಿ.ಮೀ. ದಪ್ಪದ ರಬ್ಬರ್ ಪದರವೇ ಇದ್ದು ನೆಗ್ಗಿಲು ಅದರ ಹತ್ತಿರ ಸುಳಿಯಲಾರದಾದರೂ, ಅದು ಸಾಮಾನು ಹೇರಿಕೊಂಡು ದೂರ ಹೋಗುವವರ ಭಾರದ ಟೈರು, ವೇಗದ ತಾಲೀಮಿಗೆ ಹೊಂದುವುದಿಲ್ಲ.

ಎಳೆಗಳ ಲೆಕ್ಕವಾದ ಟಿಪಿಐ, ಅಂದರೆ ಒಂದು ಅಂಗುಲಕ್ಕೆ ಎಷ್ಟು ಎಳೆ ಎಂಬುದು, ಕೊಳ್ಳುವವರನ್ನು ಹೆಚ್ಚು ದಾರಿ ತಪ್ಪಿಸುವ ಅಂಕಿ. ಎಳೆ ಹೆಚ್ಚಾದಷ್ಟೂ ಬಟ್ಟೆ ನಯವಾಗಿ ಟೈರು ಸಲೀಸಾಗಿ ಉರುಳುತ್ತದೆ, ಆದರೆ ಎಳೆ ತೆಳ್ಳಗಾಗಿ ಗೋಡೆ ಸೂಕ್ಷ್ಮವಾಗುತ್ತದೆ. 60 ಟಿಪಿಐ ಟೈರು ತಾಲೀಮಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಕೆಲವು ಡಬ್ಬಿಗಳ ಮೇಲೆ 3/180 ಎಂದಿರುತ್ತದೆ. ಅದು ಮೂರು ಪದರಗಳನ್ನು ಕೂಡಿಸಿ ಹೇಳಿದ ಲೆಕ್ಕ, ಒಂದು ಪದರಕ್ಕೆ 60 ಎಂದೇ ಓದಿಕೊಳ್ಳಬೇಕು. ರಿಮ್ಮಿನಲ್ಲಿ ಕೂರುವ ಅಂಚಿನಲ್ಲಿ ಉಕ್ಕಿನ ತಂತಿ ಇರುವ ಟೈರು, ಮಡಚಲು ಬರುವ ಟೈರಿಗಿಂತ ತುಸು ಭಾರ, ದರ ಕಡಿಮೆ. ಪಂಚರ್ ತಡೆಯುವುದರಲ್ಲಿ ಅಂಚಿಗೆ ಯಾವ ಪಾತ್ರವೂ ಇಲ್ಲದ ಕಾರಣ, ಹಣ ಉಳಿಸಬೇಕಾದವರು ಮೊದಲು ಉಳಿಸಬೇಕಾದ ಜಾಗ ಇದೇ.

ದರದ ಬಗ್ಗೆ ನಾನು ಲೆಕ್ಕ ಹಾಕುವ ಕ್ರಮವನ್ನು ಹೇಳುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. 900 ರೂಪಾಯಿಯ ಟೈರು 2,000 ಕಿ.ಮೀ. ಬಂದರೆ ಕಿಲೋಮೀಟರಿಗೆ 45 ಪೈಸೆ. 2,400 ರೂಪಾಯಿಯದು 5,000 ಕಿ.ಮೀ. ಬಂದರೆ 48 ಪೈಸೆ. ಅಂದರೆ ಎರಡೂ ಒಂದೇ ಎನ್ನಬಹುದು, ಮತ್ತು ನಡುವೆ ಹಾಳಾದ ಟ್ಯೂಬುಗಳನ್ನೂ ರಸ್ತೆಯಲ್ಲಿ ಕಳೆದುಹೋದ ಬೆಳಗಿನ ತಾಲೀಮುಗಳನ್ನೂ ಸೇರಿಸಿದರೆ ಎರಡನೆಯದೇ ಅಗ್ಗವಾಗುತ್ತದೆ. ಆದರೆ 4,500 ರೂಪಾಯಿಯ ಸ್ಪರ್ಧೆಯ ಟೈರು ತೊಡಿಸಿ, ಎರಡನೆಯ ವಾರವೇ ಫರಸಿ ಚೂರಿಗೆ ಗೋಡೆ ಸೀಳಿದರೆ ಎಲ್ಲ ಲೆಕ್ಕವೂ ಮಣ್ಣುಪಾಲು. ಆದ್ದರಿಂದಲೇ ಮಧ್ಯಮ ದರದ, ತಂತಿ ಅಂಚಿನ, ರಕ್ಷಣಾ ಪದರವಿರುವ ಟೈರನ್ನು ತಾಲೀಮಿಗೆ ಇಟ್ಟು, ಸ್ಪರ್ಧೆಯ ಟೈರನ್ನು ಸ್ಪರ್ಧೆಯ ದಿನಕ್ಕೆ ತೆಗೆದಿಡಿ ಎಂದು ಹೇಳುತ್ತೇನೆ.

ಅಗಲದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಚೌಕಟ್ಟಿನಲ್ಲಿ ಜಾಗವಿದ್ದರೆ 28 ಮಿ.ಮೀ., ಇಲ್ಲದಿದ್ದರೆ 25. ನಮ್ಮ ರಸ್ತೆಗಳಿಗೆ 23 ಬೇಡ. ಅಗಲ ಹೆಚ್ಚಿದಂತೆ ಕಡಿಮೆ ಹವಾದಲ್ಲಿಯೂ ಟ್ಯೂಬು ಜಜ್ಜುವುದು ಕಡಿಮೆಯಾಗುತ್ತದೆ, ಮುಳ್ಳಿನ ಮೇಲೆ ಬೀಳುವ ಒತ್ತಡವೂ ತಗ್ಗುತ್ತದೆ. 65 ಕಿಲೋ ತೂಕದವರು 28ರ ಹಿಂದಿನ ಟೈರಿಗೆ 70ರಿಂದ 75 ಪಿಎಸ್‌ಐ, 25ಕ್ಕೆ 85ರ ಆಸುಪಾಸು ಹಾಕಿ, ಮುಂದಿನದಕ್ಕೆ ಐದು ಕಡಿಮೆ ಇಟ್ಟುಕೊಂಡು ಆರಂಭಿಸಬಹುದು. ಜಾಗ ಅಳೆಯುವಾಗ ಬ್ರೇಕಿನ ಕೆಳಗೆ ಕನಿಷ್ಠ 4 ಮಿ.ಮೀ. ಬಯಲು ಉಳಿಯಬೇಕು, ಏಕೆಂದರೆ ಮಳೆಗಾಲದಲ್ಲಿ ಹೊಲದಿಂದ ರಸ್ತೆಗೆ ಬರುವ ಎರೆಮಣ್ಣು ಟೈರಿಗೆ ಅಂಟಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಬೇಸಿಗೆಯ ಬಿಸಿಲಿಗೆ ಟೈರು ಸಿಡಿಯುತ್ತದೆಂದು ಅರ್ಧ ಹವಾ ಬಿಟ್ಟು ಓಡಿಸುವವರಿದ್ದಾರೆ. 25 ಡಿಗ್ರಿಯಲ್ಲಿ 90 ಪಿಎಸ್‌ಐ ತುಂಬಿದ ಟೈರಿನೊಳಗಿನ ಗಾಳಿ 45 ಡಿಗ್ರಿಗೆ ಕಾದರೆ ಏರುವುದು ಸುಮಾರು 7 ಪಿಎಸ್‌ಐ ಮಾತ್ರ. ಒಳ್ಳೆಯ ಟೈರು ಅದನ್ನು ತಡೆದುಕೊಳ್ಳುತ್ತದೆ, ಕಡಿಮೆ ಹವಾದ ಟ್ಯೂಬು ಮಾತ್ರ ಮೊದಲ ಗುಂಡಿಗೇ ಜಜ್ಜುತ್ತದೆ.

ಅಳತೆ ಕೇಳುವಾಗ 28 ಎಂದಷ್ಟೇ ಹೇಳಿದರೆ ಹಳೆಯ ಅಂಗಡಿಗಳಲ್ಲಿ ಹಾಲಿನವರ ಸೈಕಲ್ಲಿನ 28 ಅಂಗುಲದ ಟೈರು ಕೈಗೆ ಬರುತ್ತದೆ. ಅದರ ಅಂಚಿನ ವ್ಯಾಸ 635 ಮಿ.ಮೀ., ರೋಡ್ ಬೈಕಿನದು 622. ಟೈರಿನ ಗೋಡೆಯ ಮೇಲೆ 28-622 ಅಥವಾ 25-622 ಎಂದು ಇದೆಯೇ ನೋಡಿಕೊಂಡು ಹಣ ಕೊಡಿ. ಬಿಸಿಲಿನಲ್ಲಿ ತೂಗುಹಾಕಿದ್ದ ಹಳೆಯ ಸರಕಾದರೆ ಗೋಡೆಯನ್ನು ಬೆರಳಿನಿಂದ ಬಗ್ಗಿಸಿದಾಗ ಸಣ್ಣ ಬಿರುಕುಗಳು ಕಾಣುತ್ತವೆ; ಅಂಥದ್ದನ್ನು ಅರ್ಧ ದರಕ್ಕೂ ತರಬೇಡಿ. ಟೈರಿನ ಮೇಲಿನ ಗೆರೆ ಚಿತ್ತಾರದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಡಾಂಬರು ರಸ್ತೆಯಲ್ಲಿ ನುಣುಪು ಟೈರೇ ಸಾಕು.

ತೊಡಿಸುವಾಗ ಟೈರಿನ ಹೆಸರಿರುವ ಭಾಗವನ್ನು ಸರಿಯಾಗಿ ವಾಲ್ ಇರುವ ಜಾಗಕ್ಕೇ ತನ್ನಿ. ಮುಂದೆ ಪಂಚರಾದಾಗ, ಟ್ಯೂಬಿನಲ್ಲಿ ವಾಲ್‌ನಿಂದ ತೂತಿಗೆ ಎಷ್ಟು ದೂರವೋ ಟೈರಿನಲ್ಲಿ ಹೆಸರಿನಿಂದ ಅಷ್ಟೇ ದೂರದಲ್ಲಿ ಮುಳ್ಳೋ ತಂತಿಯೋ ಇರುತ್ತದೆ. ಟೈರಿನ ಒಳಗೆ ಬೆರಳಾಡಿಸುವ ಬದಲು ಒಂದು ಚೂರು ಹತ್ತಿಯನ್ನು ಸುತ್ತಲೂ ಎಳೆಯಿರಿ. ಕಣ್ಣಿಗೆ ಕಾಣದ ತಂತಿಗೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ತಾಲೀಮು ಮುಗಿಸಿ ಬಂದ ಕೂಡಲೆ ಗಾಲಿಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ನೆಟ್ಟಿರುವುದನ್ನು ಪಿನ್ನಿನಿಂದ ಎಬ್ಬಿಸಿ ತೆಗೆಯುವವರಿಗೆ ಮರುದಿನದ ಪಂಚರ್ ಬಹುತೇಕ ತಪ್ಪುತ್ತದೆ.

ದೇಹದ ಭಾರ ಹೆಚ್ಚು ಬೀಳುವುದು ಹಿಂದಿನ ಗಾಲಿಯ ಮೇಲೆ, ಸವೆಯುವುದೂ ಅದೇ ಮೊದಲು. ಅದು ಸವೆದಾಗ ಹೊಸ ಟೈರನ್ನು ಮುಂದಕ್ಕೆ ತೊಡಿಸಿ, ಮುಂದಿನದನ್ನು ಹಿಂದಕ್ಕೆ ತನ್ನಿ. ಮುಂದಿನ ಟೈರು ಇಳಿಜಾರಿನಲ್ಲಿ ಒಡೆದರೆ ಹ್ಯಾಂಡಲ್ ಕೈತಪ್ಪುತ್ತದೆ, ಆದ್ದರಿಂದ ಸವೆದ ಟೈರು ಎಂದೂ ಮುಂದೆ ಇರಬಾರದು. ಕಾಂಟಿನೆಂಟಲ್ ಕಂಪನಿಯ ಹಲವು ಟೈರುಗಳ ನೆತ್ತಿಯಲ್ಲಿ ಎರಡು ಸಣ್ಣ ಗುಳಿಗಳಿರುತ್ತವೆ, ಅವು ಮಾಯವಾದ ದಿನ ಟೈರಿನ ಆಯುಷ್ಯ ಮುಗಿಯಿತು. ಉಳಿದವುಗಳಲ್ಲಿ ನೆತ್ತಿ ಚಪ್ಪಟೆಯಾಗಿರುವುದನ್ನೂ ಒಳಗಿನ ಎಳೆ ಇಣುಕುವುದನ್ನೂ ನೋಡಿ ತಿಳಿಯಬೇಕು. ಎಸೆಯುವ ಮೊದಲು ಆ ಟೈರಿನ ಚೆನ್ನಾಗಿರುವ ಗೋಡೆಯಿಂದ ಎರಡು ಅಂಗುಲದ ಒಂದು ತುಣುಕು ಕತ್ತರಿಸಿ ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ. ಫರಸಿ ಚೂರು ಗೋಡೆ ಸೀಳಿದ ದಿನ ಅದನ್ನು ಸೀಳಿಗೆ ಒಳಗಿನಿಂದ ಆನಿಸಿ, ಹವಾ ಸ್ವಲ್ಪ ಕಡಿಮೆ ಹಾಕಿದರೆ, ಶಹಾಬಾದಿನಿಂದ ಕಲಬುರಗಿಗೆ ನಿಧಾನವಾಗಿ ತುಳಿದುಕೊಂಡೇ ಬರಬಹುದು.