ಪೊಟ್ಟಣದ ಮೇಲಿನ ಹೆಸರೂ ಪಲ್ಪಿಂಗ್ ಹೊಂಡದ ಕೆಲಸವೂ

ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುತ್ತಿದ್ದಂತೆ ಕೊಡಗಿನ ತೋಟಗಳಿಗೆ ಬ್ಯಾಕ್ಟೀರಿಯಾ ಪುಡಿಯ ಪೊಟ್ಟಣಗಳು ಬರುತ್ತವೆ. ಮೇಲೆ ನಾಲ್ಕಾರು ಲ್ಯಾಟಿನ್ ಹೆಸರು. ‘ಇದನ್ನು ಹಾಕಿದರೆ ಪಲ್ಪಿಂಗ್ ನೀರು ಶುದ್ಧವಾಗುತ್ತದೆಯೇ?’ ಎಂದು ಕೇಳುವ ಬೆಳೆಗಾರರಿಗೆ ನನ್ನ ಮರುಪ್ರಶ್ನೆ ಒಂದೇ: ಆ ನೀರು ನಿಲ್ಲುವ ಹೊಂಡದ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಎಷ್ಟಿದೆ?

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ನಿಂದ ಹೊರಬೀಳುವ ನೀರಿನಲ್ಲಿ ಹಣ್ಣಿನ ಸಕ್ಕರೆ, ಲೋಳೆಯ ಪೆಕ್ಟಿನ್, ಪಾಲಿಫೀನಾಲ್ ಎಲ್ಲವೂ ಇರುತ್ತವೆ. ಸಕ್ಕರೆ ಬೇಗನೆ ಹುಳಿಯಾಗಿ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಹಾಗೆಯೇ ತೋಡಿಗೆ ಬಿಟ್ಟರೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುವ ಭರದಲ್ಲಿ ನೀರಿನ ಆಮ್ಲಜನಕವನ್ನೇ ಮುಗಿಸುತ್ತವೆ, ಮೀನು ಸಾಯುತ್ತದೆ. ಕೊಡಗಿನ ಹೆಚ್ಚಿನ ತೋಡುಗಳು ಕೊನೆಗೆ ಸೇರುವುದು ಕಾವೇರಿಯನ್ನೇ.

ಗಾಳಿಯಾಡದ ಹೊಂಡದಲ್ಲಿ ಕೆಲಸ ಕೈಯಿಂದ ಕೈಗೆ ಸಾಗುತ್ತದೆ. ಒಂದು ಗುಂಪು ಪೆಕ್ಟಿನ್ ಒಡೆಯುತ್ತದೆ, ಇನ್ನೊಂದು ಸಕ್ಕರೆಯನ್ನು ಆಮ್ಲಗಳಾಗಿಸುತ್ತದೆ, ಮತ್ತೊಂದು ಆ ಆಮ್ಲಗಳನ್ನು ಅಸಿಟಿಕ್ ಆಮ್ಲದವರೆಗೆ ತರುತ್ತದೆ. ಕೊನೆಯ ಗುಂಪು ಅದರಿಂದ ಮಿಥೇನ್ ತಯಾರಿಸುತ್ತದೆ. ಈ ಕೊನೆಯವು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾಗಳು. ಅವುಗಳ ವಂಶವೇ ಬೇರೆ ಎಂದು 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿದರು. ಪಿಎಚ್ 7ರ ಹತ್ತಿರ ಇಲ್ಲದಿದ್ದರೆ ಇವು ಸೊರಗುತ್ತವೆ. ಆಮ್ಲ ತಯಾರಿಸುವವು ಮಾತ್ರ ನಿಲ್ಲುವುದಿಲ್ಲ. ಹುಳಿ ಇನ್ನಷ್ಟು ಏರುತ್ತದೆ. ಸುಣ್ಣ ಹಾಕುವುದು ಇದಕ್ಕಾಗಿ.

ಹೊಂಡದಲ್ಲಿ ಯಾರಿದ್ದಾರೆಂದು ತಿಳಿಯಲು ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸುವ ಅಗರ್ ತಟ್ಟೆಯನ್ನು ನಂಬಿದರೆ ಕೆಟ್ಟೆವು. ಮಿಥೇನ್ ಜೀವಿಗಳಿಗೆ ಆಮ್ಲಜನಕವೇ ವಿಷ. ಗಾಳಿಗೆ ತೆರೆದ ತಟ್ಟೆಯಲ್ಲಿ ಸುಲಭವಾಗಿ ಬೆಳೆಯುವ ಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಾಗಳೇ ಮೆರೆಯುತ್ತವೆ. ಆದ್ದರಿಂದ ಕೆಸರಿನಿಂದ ನೇರವಾಗಿ ಡಿಎನ್‌ಎ ತೆಗೆದು, ಜೀವಿಯ ಗುರುತು ಹೇಳುವ, ಸುಮಾರು 1,500 ಅಕ್ಷರಗಳ 16ಎಸ್ ಜೀನನ್ನು ಓದುತ್ತೇವೆ. ಅದೂ ಪೂರ್ತಿ ಉತ್ತರವಲ್ಲ. ಸತ್ತ ಕೋಶದ ಡಿಎನ್‌ಎ ಕೂಡ ಪಟ್ಟಿಗೆ ಸೇರುತ್ತದೆ. ಹೆಸರು ಒಂದೇ ಆದರೂ ಕಸುಬು ಬೇರೆಯಿರಬಹುದು: ಸ್ಯೂಡೋಮೊನಾಸ್ ಪುಟಿಡಾ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಟಾಲ್ವೀನ್ ಎಂಬ ದ್ರಾವಕವನ್ನು ತಿನ್ನುತ್ತದೆ, ಮತ್ತೊಂದು ಮುಟ್ಟುವುದಿಲ್ಲ. ಆ ಸಾಮರ್ಥ್ಯದ ಜೀನ್‌ಗಳು ಹಲವು ಬಾರಿ ಪ್ಲಾಸ್ಮಿಡ್ ಎಂಬ, ಕೋಶದಿಂದ ಕೋಶಕ್ಕೆ ಕೈಬದಲಾಗುವ ಡಿಎನ್‌ಎ ಉಂಗುರದ ಮೇಲಿರುವುದು ಇದಕ್ಕೊಂದು ಕಾರಣ. ತಿಂದವರು ಯಾರೆಂದು ಹಿಡಿಯಲು ಕಾರ್ಬನ್-13 (ತುಸು ಭಾರದ ಇಂಗಾಲ) ಇರುವ ಆಹಾರ ಕೊಟ್ಟು, ಭಾರವಾದ ಡಿಎನ್‌ಎಯನ್ನು ಬೇರ್ಪಡಿಸುವ ವಿಧಾನವಿದೆ. ಚೆಂದದ ವಿದ್ಯೆ, ತೋಟದ ಜೇಬಿಗಲ್ಲ.

ಪುಡಿಗಳಲ್ಲಿ ಸಾಮಾನ್ಯವಾಗಿರುವ ಬ್ಯಾಸಿಲಸ್ ಚುರುಕುಗೊಳಿಸುವುದು ಮೊದಲ ಹಂತಗಳನ್ನು. ಹೊಂಡ ಸಿಕ್ಕಿಬೀಳುವುದು ಕೊನೆಯದರಲ್ಲಿ. ಚೆನ್ನಾಗಿ ನಡೆಯುತ್ತಿರುವ ಗೋಬರ್ ಗ್ಯಾಸ್ ಘಟಕದ ಸ್ಲರಿಯನ್ನು ಬೀಜವಾಗಿ ಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಅನುಮಾನವಿದ್ದರೆ ಪರೀಕ್ಷಿಸಿ. ನಿಮ್ಮದೇ ಕೆಸರು, ಸುಣ್ಣ ಹಾಕಿದ ನಿಮ್ಮದೇ ನೀರನ್ನು ಎರಡು ಬಾಟಲಿಗಳಿಗೆ ತುಂಬಿ, ಒಂದಕ್ಕೆ ಮಾತ್ರ ಪುಡಿ ಬೆರೆಸಿ. ಬಿರಡೆಯಿಂದ ಕೊಳವೆ ಎಳೆದು, ಬರುವ ಅನಿಲವನ್ನು ಸುಣ್ಣ ಅಥವಾ ಕಾಸ್ಟಿಕ್ ದ್ರಾವಣದ ಮೂಲಕ ಹಾಯಿಸಿ ಇಂಗಾಲದ ಡೈಆಕ್ಸೈಡ್ ಕಳೆದು, ಉಳಿದುದನ್ನು (ಬಹುಪಾಲು ಮಿಥೇನ್) ಅಳೆಯಿರಿ. ಬಾಟಲಿಗಳನ್ನು ಬೆಚ್ಚಗಿನ ಕೋಣೆಯಲ್ಲಿ ಇಡಬೇಡಿ; ಡಿಸೆಂಬರ್ ಚಳಿಯಲ್ಲಿ ಹೊಂಡ ಎಷ್ಟು ತಣ್ಣಗಿರುತ್ತದೋ ಅಷ್ಟೇ ತಣ್ಣಗೆ, ಅದರ ಪಕ್ಕದಲ್ಲೇ ಇಡಿ.